ಬೆಟ್ಟಕ್ಕೆ ಬಿಡುವ ಮಲೆನಾಡು ಗಿಡ್ಡ ದನಗಳ ಸಂತಾನ ನಿರ್ವಹಣೆ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಬೆಳಗ್ಗೆ ಕೊಟ್ಟಿಗೆಯಿಂದ ಬಿಟ್ಟ ಮಲೆನಾಡು ಗಿಡ್ಡ ಎಂಬ ಪುಟ್ಟ ನಾಟಿ ತಳಿಯ ದನಗಳು ಬ್ಯಾಣ (ಹುಲ್ಲುಗಾವಲು), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ಕಡಿಯುವ ಕಾಡು), ಕಾಡಂಚುಗಳಲ್ಲಿ ಮೇದು ಸಂಜೆಗೆ ತಾವಾಗಿಯೇ ಹಿಂದಿರುಗುತ್ತವೆ. ಕೆಲವು ದಿನಗಟ್ಟಲೆ ಬಾರದೆ ಉಳಿಯುವುದೂ ಉಂಟು. ಇವುಗಳಿಗೆ ಒಡೆಯರಿದ್ದಾರೆ, ಆದರೆ ಯಾವ ಹಸು ಯಾವಾಗ ಬೆದೆಗೆ ಬಂತು, ಯಾವ ಹೋರಿ ಹಾರಿತು ಎಂಬುದು ಒಡೆಯರಿಗೆ ತಿಳಿಯುವುದಿಲ್ಲ. ಉಳುಮೆಗೆ ಎತ್ತು ಬೇಕಿದ್ದ ಕಾಲದಲ್ಲಿ ಗಂಡುಕರುಗಳಿಗೆ ಬೀಜ ಒಡೆಸಿ, ಅಂದರೆ ಸಂತಾನಶಕ್ತಿ ತೆಗೆಸಿ, ನೊಗಕ್ಕೆ ಹೂಡುತ್ತಿದ್ದರು. ಹಾಗಾಗಿ ಮಂದೆಯಲ್ಲಿ ಬೀಜದ ಹೋರಿಗಳು ಹೆಚ್ಚುತ್ತಿರಲಿಲ್ಲ. ಟಿಲ್ಲರ್ ಬಂದ ಮೇಲೆ ಗಂಡುಕರು ಯಾರಿಗೂ ಬೇಡವಾಯಿತು, 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ನಂತರ ಮಾರಾಟದ ದಾರಿಯೂ ಕಿರಿದಾಯಿತು. ಬೀಜ ಒಡೆಸದ ಹೋರಿಗಳು ಈಗ ಬೆಟ್ಟದಲ್ಲೇ ಬೆಳೆಯುತ್ತಿವೆ.

ಇದರ ನೋವನ್ನು ಉಣ್ಣುವುದು ಹಸುಗಳು. ಬೆದೆಗೆ ಬಂದ ಒಂದು ಹಸುವಿನ ಹಿಂದೆ ನಾಲ್ಕಾರು ಹೋರಿಗಳು ಬಿದ್ದಾಗ ಅದು ದಿನವಿಡೀ ಮೇವು ಬಿಟ್ಟು ಓಡುತ್ತದೆ, ಜಂಬಿಟ್ಟಿಗೆ ಕಲ್ಲಿನ ಇಳಿಜಾರಿನಲ್ಲಿ ಜಾರಿ ಕಾಲು ಮುರಿದುಕೊಳ್ಳುತ್ತದೆ. ಮೈ ಬೆಳೆಯದ ಕಡಸುಗಳು (ಇನ್ನೂ ಈಯದ ಎಳೆ ಹಸುಗಳು) ಗಬ್ಬವಾಗುತ್ತವೆ. ಹೋರಿ ತನ್ನ ಮಗಳನ್ನೇ ಹಾರುತ್ತದೆ. ಆಷಾಢದ ಜಡಿಮಳೆಯಲ್ಲಿ ಹುಟ್ಟಿದ ಕರು ನೆನೆದ ಕೊಟ್ಟಿಗೆಯಲ್ಲಿ ಕೆಮ್ಮಿ ಸಾಯುತ್ತದೆ. ದನಗಳಿಗೆ ನಿಜವಾದ ನೆಮ್ಮದಿ ಬೇಕೆಂದರೆ, ಯಾವ ಹೋರಿ, ಎಷ್ಟು ದಿನ, ಯಾವ ತಿಂಗಳಲ್ಲಿ ಮಂದೆಯಲ್ಲಿರಬೇಕು ಎಂಬುದನ್ನು ನಾವೇ ತೀರ್ಮಾನಿಸಬೇಕು.

ಇದು ಒಂದು ಮನೆಯಿಂದ ಆಗುವ ಕೆಲಸವಲ್ಲ. ಒಂದೇ ಬೆಟ್ಟದಲ್ಲಿ ಮೇಯುವ ದನಗಳ ಒಡೆಯರೆಲ್ಲ ಒಪ್ಪದಿದ್ದರೆ ನಿಮ್ಮ ಹೋರಿಯನ್ನು ಕಟ್ಟಿದರೂ ಪಕ್ಕದ ಮನೆಯ ಹೋರಿ ಬರುತ್ತದೆ. ಇಂಗ್ಲೆಂಡಿನ ನ್ಯೂ ಫಾರೆಸ್ಟ್ ಪ್ರದೇಶದಲ್ಲಿ ಹಲವು ಒಡೆಯರ ಪೋನಿ ಕುದುರೆಗಳು ಹೀಗೆಯೇ ಸಾಮೂಹಿಕ ಗೋಮಾಳದಲ್ಲಿ ವರ್ಷವಿಡೀ ಮೇಯುತ್ತವೆ. ಅಲ್ಲಿ ಪರೀಕ್ಷಿಸಿ ಆರಿಸಿದ ಕೆಲವೇ ಗಂಡುಕುದುರೆಗಳನ್ನು ವರ್ಷದಲ್ಲಿ ಕೆಲವೇ ವಾರಗಳ ಮಟ್ಟಿಗೆ ಮಂದೆಗೆ ಬಿಡುವ ಕಟ್ಟುಪಾಡಿದೆ. ನಮ್ಮ ಊರುಗಳಿಗೂ ಅಂಥದೊಂದು ಕಟ್ಟುಪಾಡು ಬೇಕು.

ಕೆಲಸ ಆರಂಭಿಸಲು ದೀಪಾವಳಿಗಿಂತ ಒಳ್ಳೆಯ ಸಮಯವಿಲ್ಲ. ಗೋಪೂಜೆಗೆಂದು ಅಂದು ಬಹುತೇಕ ದನಗಳು ಕೊಟ್ಟಿಗೆಯಲ್ಲಿರುತ್ತವೆ. ಮೈ ತೊಳೆದು ಕೊರಳಿಗೆ ಅಡಿಕೆ ಸರ ಕಟ್ಟುವಾಗ ಪ್ರತಿಯೊಂದರ ಮೈಮೇಲೂ ಕೈ ಓಡುತ್ತದೆ. ಆಗಲೇ ಕಿವಿಯೋಲೆಯ 12 ಅಂಕಿಗಳ ಸಂಖ್ಯೆ, ಅಂದಾಜು ವಯಸ್ಸು, ತಾಯಿ ಯಾವುದು ಎಂಬುದನ್ನು ಪುಸ್ತಕದಲ್ಲಿ ಬರೆದಿಡಿ. ಓಲೆ ಇಲ್ಲದ ದನಕ್ಕೆ ಪಶು ಆಸ್ಪತ್ರೆಯವರಿಂದ ಹಾಕಿಸಿ. ಮೈಕಟ್ಟನ್ನು ಕಣ್ಣಿನಿಂದಲ್ಲ, ಅಂಗೈಯಿಂದ ನೋಡಬೇಕು. ಮಳೆಗಾಲ ಮುಗಿದ ಹೊಸತರಲ್ಲಿ ದಟ್ಟ ರೋಮ ಮತ್ತು ಹಸಿಹುಲ್ಲು ತುಂಬಿದ ಹೊಟ್ಟೆ ಬಡಕಲು ಹಸುವನ್ನೂ ದುಂಡಗೆ ತೋರಿಸುತ್ತವೆ. ಪಕ್ಕೆಲುಬಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಸವರಿದಾಗ ಎಲುಬುಗಳು ಒಂದೊಂದಾಗಿ ಎಣಿಕೆಗೆ ಸಿಕ್ಕಿದರೆ, ಬಾಲದ ಬುಡದ ಎರಡೂ ಬದಿ ಗುಳಿ ಬಿದ್ದಿದ್ದರೆ, ಆ ಹಸುವನ್ನು ಈ ವರ್ಷ ಹೋರಿಯಿಂದ ದೂರ ಇಡುವುದೇ ಸರಿ. ವರ್ಷಕ್ಕೊಂದು ಕರು ಹಾಕುವುದು ಈ ತಳಿಯ ಹೆಮ್ಮೆ ಎಂಬುದು ನಿಜ. ಆದರೆ ಹಿಂಡಿ, ಅಕ್ಕಚ್ಚು (ಅಕ್ಕಿ ತೊಳೆದ ನೀರು) ಏನೂ ಸಿಗದೆ ಬರೀ ಬೆಟ್ಟದ ಹುಲ್ಲಿನಲ್ಲಿ ಬದುಕುವ ಹಸುವಿನಿಂದ ಅದನ್ನು ಪ್ರತಿ ವರ್ಷ ಬಯಸುವುದು ನ್ಯಾಯವಲ್ಲ. ಕಡಸುಗಳ ವಿಷಯದಲ್ಲಿ ವಯಸ್ಸಿಗಿಂತ ಮೈಯನ್ನು ನೋಡಿ: ಬೆಳೆದ ಹಸುವಿನ ತೂಕದ ಮೂರರಲ್ಲಿ ಎರಡು ಪಾಲು ಬರುವವರೆಗೆ ಅದನ್ನು ಹೋರಿಗೆ ಬಿಡಬಾರದು.

ಬೀಜದ ಹೋರಿಯನ್ನು ಊರಿನ ಎಲ್ಲರೂ ಕೂಡಿ ಆರಿಸಬೇಕು. ಬೆಳೆದ ಒಂದು ಹೋರಿ ಇಪ್ಪತ್ತರಿಂದ ಇಪ್ಪತ್ತೈದು ಹಸುಗಳಿಗೆ ಸಾಕು; ಎಳೆಯ ಹೋರಿಗೆ ಅದರ ಅರ್ಧದಷ್ಟು ಮಾತ್ರ. ಗೊರಸು ಗಟ್ಟಿಯಿರಲಿ, ನಡಿಗೆ ನೆಟ್ಟಗಿರಲಿ, ಎರಡೂ ಬೀಜಗಳು ಸಮವಾಗಿರಲಿ. ತಾಯಿ ಸುಲಭವಾಗಿ ಈಯುವ, ಹಾಯದ ಸ್ವಭಾವದ ಹಸುವಾಗಿರಲಿ. ಮಂದೆಗೆ ಬಿಡುವ ಮುನ್ನ ರಕ್ತ ತೆಗೆಸಿ ಬ್ರುಸೆಲ್ಲೋಸಿಸ್, ಅಂದರೆ ಗಬ್ಬ ಕಳೆಯುವ ಕಂದು ರೋಗದ ಪರೀಕ್ಷೆ ಮಾಡಿಸುವುದನ್ನು ತಪ್ಪಿಸಬೇಡಿ. ತಂದೆ ಮಗಳು ಕೂಡಿ ಹುಟ್ಟುವ ಕರುವಿನಲ್ಲಿ ಒಳತಳಿ ಗುಣಾಂಕ (ಹತ್ತಿರದ ನಂಟಿನ ಕೂಡಿಕೆಯ ಅಳತೆ) ಶೇ 25ರಷ್ಟಾಗುವುದರಿಂದ, ಒಂದು ಹೋರಿಯನ್ನು ಎರಡು, ಹೆಚ್ಚೆಂದರೆ ಮೂರು ಹಂಗಾಮಿಗಿಂತ ಹೆಚ್ಚು ಕಾಲ ಅದೇ ಮಂದೆಯಲ್ಲಿ ಉಳಿಸಬಾರದು. ಬೇರೆ ಬೆಟ್ಟದ ಊರಿನವರೊಂದಿಗೆ ಹೋರಿಗಳನ್ನು ಅದಲುಬದಲು ಮಾಡಿಕೊಂಡರೆ ಖರ್ಚೂ ಇಲ್ಲ, ತಳಿಯೂ ಉಳಿಯುತ್ತದೆ. ಹಾಲಿನ ಆಸೆಗೆ ಇಷ್ಟು ಪುಟ್ಟ ಹಸುಗಳಿಗೆ ಜೆರ್ಸಿ ಅಥವಾ ಎಚ್‌.ಎಫ್‌. (ಹೋಲ್‌ಸ್ಟೀನ್ ಫ್ರೀಸಿಯನ್) ಎಂಬ ವಿದೇಶಿ ತಳಿಗಳ ವೀರ್ಯದ ಇಂಜೆಕ್ಷನ್ ಕೊಡಿಸುವುದನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಕರು ದೊಡ್ಡದಾಗಿ ಹೆರಿಗೆಯಲ್ಲಿ ಸಿಕ್ಕಿಕೊಂಡರೆ, ಅದೂ ಬೆಟ್ಟದ ನಡುವೆ, ತಾಯಿಯನ್ನು ಉಳಿಸುವವರು ಯಾರು?

ಉಳಿದ ಗಂಡುಗಳಿಗೆ ಬೀಜ ಒಡೆಸಬೇಕು. ಪಶುವೈದ್ಯರು ಬರ್ಡಿಝೋ ಇಕ್ಕಳದಿಂದ ಚರ್ಮ ಸೀಳದೆ ಇದನ್ನು ಮಾಡುತ್ತಾರೆ. ಗಾಯವಿಲ್ಲದ್ದರಿಂದ ಹುಳ ಬೀಳುವ ಭಯವಿಲ್ಲ. ರಕ್ತ ಕಾಣುವುದಿಲ್ಲವೆಂದ ಮಾತ್ರಕ್ಕೆ ನೋವಿಲ್ಲ ಎಂದು ತಿಳಿಯುವುದು ತಪ್ಪು. ಮರಗಟ್ಟಿಸುವ ಇಂಜೆಕ್ಷನ್ನನ್ನೂ ನೋವು ನಿವಾರಕವನ್ನೂ ಕೇಳಿ ಕೊಡಿಸಿ; ಕಲ್ಲಿನಿಂದ ಜಜ್ಜುವ ಹಳೆಯ ಕ್ರಮ ಎಂದಿಗೂ ಬೇಡ. ಗಂಡುಕರು ವರ್ಷ ತುಂಬುವ ಮೊದಲೇ ಈ ಕೆಲಸ ಮುಗಿದರೆ ಅದಕ್ಕೂ ಹಗುರ. ಬಲಿತ ಹೋರಿಯಾಗಿದ್ದರೆ ಬೀಜ ಒಡೆಸಿದ ನಂತರವೂ ಕೆಲವು ವಾರ ಹಸುಗಳು ಗಬ್ಬವಾಗಬಹುದಾದ್ದರಿಂದ ಒಂದೂವರೆ ತಿಂಗಳು ಬೇರೆ ಕಟ್ಟಿ. ಎಲ್ಲ ಗಂಡುಗಳಿಗೂ ಒಮ್ಮೆಗೇ ಬೀಜ ಒಡೆಸಿಬಿಡುವ ಉತ್ಸಾಹವೂ ಸಲ್ಲದು; ಮುಂದಿನ ಹೋರಿಯಾಗಬಲ್ಲ ಒಂದೆರಡು ಒಳ್ಳೆಯ ಕರುಗಳನ್ನು ಬೇರೆ ಬೇರೆ ತಾಯಿಗಳಿಂದ ಆರಿಸಿ ಉಳಿಸಿ.

ಹೋರಿಯನ್ನು ಡಿಸೆಂಬರ್ ಮೊದಲ ವಾರದಲ್ಲಿ ಬಿಟ್ಟು ಫೆಬ್ರುವರಿ ಮೊದಲ ವಾರದಲ್ಲಿ ಹಿಂದಕ್ಕೆ ಕಟ್ಟಿ. ಬೆದೆ ಸುಮಾರು 21 ದಿನಗಳಿಗೊಮ್ಮೆ ಮರುಕಳಿಸುವುದರಿಂದ ಈ ಒಂಬತ್ತು ವಾರಗಳಲ್ಲಿ ಪ್ರತಿ ಹಸುವಿಗೂ ಮೂರು ಅವಕಾಶ ಸಿಗುತ್ತದೆ. ಗಬ್ಬದ ಅವಧಿ ಸುಮಾರು 280 ದಿನ. ಕರುಗಳು ಸೆಪ್ಟೆಂಬರ್ ಎರಡನೇ ವಾರದಿಂದ ನವೆಂಬರ್ ನಡುವಿನವರೆಗೆ, ಮಳೆ ಹಿಂಜರಿದು ಹುಲ್ಲು ಇನ್ನೂ ಹಸಿರಾಗಿರುವಾಗ ಹುಟ್ಟುತ್ತವೆ. ಡಿಸೆಂಬರಿನಿಂದ ಫೆಬ್ರುವರಿವರೆಗೆ ಹೋರಿ ಬಿಡುವುದರಿಂದ ಇನ್ನೊಂದು ಅನುಕೂಲವಿದೆ. ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ ಕೂಳೆ ಮೇಯಿಸುತ್ತ ಮಂದೆಯನ್ನು ಮನೆಯ ಹತ್ತಿರವೇ ಇಟ್ಟುಕೊಂಡರೆ ಹೋರಿ ಹಾರಿದ ದಿನ ಕಣ್ಣಿಗೆ ಬೀಳುತ್ತದೆ. ಉಣುಗುಗಳಿಂದ ಹರಡುವ ಮಂಗನ ಕಾಯಿಲೆಯ ಕಾಲವೂ ಅದೇ ಆದ್ದರಿಂದ ದನಗಳ ಬೆನ್ನುಹತ್ತಿ ಕಾಡಿನೊಳಗೆ ಅಲೆಯುವುದೂ ತಪ್ಪುತ್ತದೆ. ಹೋರಿಯಿಂದ ದೂರ ಇಡಬೇಕಾದ ಹಸು, ಕಡಸುಗಳನ್ನು ಈ ಒಂಬತ್ತು ವಾರ ಗಟ್ಟಿ ಬೇಲಿ, ದಣಪೆ (ಬೇಲಿಯ ಬಾಗಿಲು) ಇರುವ ಬ್ಯಾಣದಲ್ಲಿ ಮೇಯಿಸಿ. ಹಂಗಾಮು ಮುಗಿದ ಹೋರಿಯನ್ನು ಗಿಡ್ಡ ಹಗ್ಗದಲ್ಲಿ ಒಂಟಿಯಾಗಿ ಕಟ್ಟಿಹಾಕಬೇಡಿ. ಎತ್ತುಗಳ ಅಥವಾ ಗಬ್ಬವೆಂದು ಖಚಿತವಾದ ಹಸುಗಳ ಜೊತೆ ಇದ್ದರೆ ಅದು ಶಾಂತವಾಗಿರುತ್ತದೆ. ಅದರ ಮೇವಿನ ಖರ್ಚನ್ನು ಊರಿನವರೆಲ್ಲ ಹಂಚಿಕೊಳ್ಳಲಿ.

ಏಪ್ರಿಲ್ ಕೊನೆಯಲ್ಲಿ ಗಬ್ಬದ ಪರೀಕ್ಷೆ ಮಾಡಿಸಿ. ದೇಹ ಚಿಕ್ಕದಾದ್ದರಿಂದ ಕೈ ಹಾಕಿ ನೋಡುವುದು ಗಿಡ್ಡ ಹಸುಗಳಿಗೆ ತ್ರಾಸದಾಯಕ. ಅನುಭವವುಳ್ಳ ವೈದ್ಯರನ್ನೇ ಕರೆಯಿರಿ. ಮೂರು ಬೆದೆಯಲ್ಲೂ ಗಬ್ಬ ನಿಲ್ಲದ ಹಸುವಿಗೆ ಮರು ಹಂಗಾಮಿನವರೆಗೆ ವಿಶ್ರಾಂತಿ ಕೊಡಿ, ಕಾರಣವನ್ನು ಪರೀಕ್ಷೆಯಿಂದ ತಿಳಿಯಿರಿ. ಹಸು ಕಂದು ಹಾಕಿದರೆ ಬರಿಗೈಯಲ್ಲಿ ಮುಟ್ಟಬೇಡಿ, ಏಕೆಂದರೆ ಕಂದು ರೋಗ ಮನುಷ್ಯರಿಗೂ ಹರಡುತ್ತದೆ. ವೈದ್ಯರಿಗೆ ತಿಳಿಸಿದ ನಂತರ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ.

ತುಂಬು ಗಬ್ಬದ ಹಸುಗಳನ್ನು ಕೊನೆಯ ಎರಡು ವಾರ ಬೆಟ್ಟಕ್ಕೆ ಬಿಡದೆ, ಒಣ ದರಕು (ಉದುರಿದ ಎಲೆ) ಹಾಸಿದ ಕೊಟ್ಟಿಗೆಯಲ್ಲಿ ಇಟ್ಟುಕೊಳ್ಳಿ. ಬೆಟ್ಟದಲ್ಲಿ ಈದ ಹಸು ಕರುವನ್ನು ಪೊದೆಯಲ್ಲಿ ಬಚ್ಚಿಟ್ಟು ಮೇಯಲು ಹೋಗುತ್ತದೆ, ಚಿರತೆಗೆ ಅಷ್ಟು ಹೊತ್ತು ಸಾಕು. ಕರು ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಹೊಟ್ಟೆಗೆ ಬೀಳಬೇಕು, ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟಾದರೂ. ಮಾಸು ಹನ್ನೆರಡು ಗಂಟೆಯೊಳಗೆ ಬೀಳದಿದ್ದರೆ ಕೈಯಿಂದ ಎಳೆಯದೆ ವೈದ್ಯರನ್ನು ಕರೆಯಿರಿ. ಹೆಣ್ಣುಕರುಗಳಿಗೆ ಕಂದು ರೋಗದ ಲಸಿಕೆಯನ್ನು ನಾಲ್ಕರಿಂದ ಎಂಟು ತಿಂಗಳ ವಯಸ್ಸಿನೊಳಗೆ ಹಾಕಿಸಬೇಕು. ಕರುಗಳೆಲ್ಲ ಒಂದೇ ಹಂಗಾಮಿನಲ್ಲಿ ಹುಟ್ಟಿರುವುದರಿಂದ ಮಾರ್ಚ್ ಕೊನೆಯ ಒಂದು ದಿನ ಪಶು ಆಸ್ಪತ್ರೆಯವರನ್ನು ಊರಿಗೆ ಕರೆಸಿದರೆ ಎಲ್ಲಕ್ಕೂ ಒಟ್ಟಿಗೆ ಲಸಿಕೆ, ಕಿವಿಯೋಲೆ ಮುಗಿಸಬಹುದು.