ಸ್ಪಾರ್ಕ್ ಪ್ಲಗ್ ಕೂಡಿಸಾಕ ಪೆಟ್ರೋಲ್ ಪೈಪಿನ ತುಂಡು

ಹೊಸಾ ಸ್ಪಾರ್ಕ್ ಪ್ಲಗ್ ಹಾಕುವಾಗ ಮೊದಲಿಗೇ ಪಾನಾ ಹಚ್ಚಬ್ಯಾಡ್ರಿ. ಗೇಣುದ್ದ ರಬ್ಬರ್ ಪೆಟ್ರೋಲ್ ಪೈಪನ್ನು ಪ್ಲಗ್ಗಿನ ಬಿಳೀ ಪಿಂಗಾಣಿ ತುದಿಗೆ ಬಿಗಿಯಾಗಿ ಸಿಗಿಸಿ, ತಣ್ಣಗಿರೋ ಇಂಜಿನ್ನಿನ ಕುಣಿಯೊಳಗೆ ಇಳಿಸಿ ಬೆರಳಿಂದಲೇ ತಿರುವ್ರಿ. ಥ್ರೆಡ್ ಓರೆ ಹಿಡಿದರೆ ಪೈಪ್ ಜಾರತೈತಿ, ಪ್ಲಗ್ ಕೂಡೋ ಅಲ್ಯೂಮಿನಿಯಂ ಹೆಡ್ ಕೆಡದಂಗ ಉಳಿತೈತಿ. ಪಾನಾಕ್ಕ ಆ ಸೂಕ್ಷ್ಮ ಇಲ್ಲ, ಕೊರಕೊಂತ ಹೋಗತೈತಿ. ಪೂರಾ ಕುಂತ ಮ್ಯಾಲ ಪಾನಾದಿಂದ ಬಿಗಿ ಮಾಡ್ರಿ: ವಾಷರ್ ಇರೋ ಹೊಸಾ ಪ್ಲಗ್ಗಿಗೆ ಅರ್ಧ ಸುತ್ತು, ಹೆಚ್ಚಂದ್ರ 2/3, ವಾಷರ್ ಇಲ್ಲದ, ಕೂಡೋ ಅಂಚು ಇಳಿಜಾರಾಗಿರೋ ಪ್ಲಗ್ಗಿಗೆ ಬರೇ 1/16 ಸುತ್ತು. ಪೈಪಿಗೆ ಎಣ್ಣಿ ಹತ್ತಿದ್ರ ಥ್ರೆಡ್ ಸರಿ ಇದ್ರೂ ಜಾರತೈತಿ, ಒರಿಸಿ ನೋಡ್ರಿ. ಥ್ರೆಡ್ಡೊಳಗ ಇಂಗಾಲ ಕಟ್ಟಿದ್ರ ಈ ಉಪಾಯ ನಡಿಯಂಗಿಲ್ಲ. ಇನ್ನೊಂದು, ವಿಜಯಪುರದ ಧೂಳು ಗೊತ್ತಲ್ಲ, ಹಳೇ ಪ್ಲಗ್ ಬಿಚ್ಚೋಕಿಂತ ಮೊದಲ ಕುಣಿಗೆ ಗಾಳಿ ಹೊಡಿರಿ, ಇಲ್ಲಾಂದ್ರ ಮಣ್ಣು ನೇರ ಸಿಲಿಂಡರಿಗೆ ಬೀಳತೈತಿ.