ಇಂಗ್ಲೆಂಡಿಗೆ ಹೊರಟವರಿಗೆ: ಹಣದುಬ್ಬರ ಇಳಿದರೂ ರೇಟು ಇಳಿಯೂದಿಲ್ಲ

ನಾನು ಇಂಗ್ಲೆಂಡಿನಿಂದ ದೀಪಾವಳಿಗೆ ಹುಬ್ಬಳ್ಳಿಗೆ ಬಂದಾಗೆಲ್ಲ ವಿದ್ಯಾನಗರದ ನಮ್ಮ ಮನೆ ಕಟ್ಟೆಗೆ ಇಂಗ್ಲೆಂಡಿಗೆ ಹೊರಟ ಒಬ್ಬಿಬ್ಬರು ಹುಡುಗರು ಬಂದು ಕೂಡುತ್ತಾರೆ. ಈ ಸಲ ಗದಗಿನವನೊಬ್ಬ ಕೇಳಿದ: "ಕಾಕಾ, ಅಲ್ಲಿ ಹಣದುಬ್ಬರ ಇಳದೈತಿ ಅಂತ ಓದೇನ್ರಿ. ಅಂದ್ರ ಈಗ ಎಲ್ಲಾ ಸಸ್ತಾ ಆಗಿರಬೇಕಲ್ಲ?"

ಇಲ್ಲಪ್ಪಾ. ಚಿಗರಿ ಬಸ್ಸು ನವನಗರದ ಹತ್ತಿರ ಸಾವಕಾಶ ಆದರೆ ವಾಪಸ್ ಹುಬ್ಬಳ್ಳಿಗೆ ಬಂತು ಅಂತೇನು? ಧಾರವಾಡದ ಕಡೆಗೇ ಹೊಂಟಿರುತ್ತದೆ. ಹಣದುಬ್ಬರ ಅಂದರೆ ರೇಟು ಏರುವ ವೇಗ; ವೇಗ ಇಳಿದರೂ ರೇಟು ಏರುತ್ತಲೇ ಇರುತ್ತದೆ. ಬ್ರಿಟನ್ನಿನ ಹಣದುಬ್ಬರ 2022ರ ಅಕ್ಟೋಬರಿನಲ್ಲಿ ಶೇ 11.1 ಮುಟ್ಟಿತ್ತು. 2024ರ ಮೇ ಹೊತ್ತಿಗೆ ಶೇ 2ಕ್ಕೆ ಇಳಿಯಿತು. ಟಿವಿಯವರಿಗೆ ಸಂಭ್ರಮವೋ ಸಂಭ್ರಮ. ನನ್ನ ಕಿರಾಣಿ ಬಿಲ್ಲು ಮಾತ್ರ ಇಳಿಯಲಿಲ್ಲ. 2022ರ ಜನವರಿಯಿಂದ ಎರಡು ವರ್ಷದಲ್ಲಿ ಅಲ್ಲಿ ತಿನ್ನುವ ಸಾಮಾನು ಸುಮಾರು ಶೇ 25 ತುಟ್ಟಿಯಾಗಿತ್ತು. ಆ ಏರಿಕೆ ಏರಿದಲ್ಲೇ ಕೂತಿತು.

ಇನ್ನು ದೇಶ ದೇಶಕ್ಕೆ ಹೋಲಿಸುವ ಮಾತು. ಅದೇ 2022ರ ಅಕ್ಟೋಬರಿನಲ್ಲಿ ಭಾರತದ್ದು ಶೇ 6.77, ಟರ್ಕಿಯದು 85ರ ಮೇಲೆ. 2023ರ ಜುಲೈನಲ್ಲಿ ನಾವೇ ಬ್ರಿಟನ್ನನ್ನು ದಾಟಿದೆವು: ಅವರದು 6.8, ನಮ್ಮದು 7.44. ಕಾರಣ ಮುಖ್ಯವಾಗಿ ತರಕಾರಿ, ಅದರಲ್ಲೂ ಟೊಮ್ಯಾಟೊ. ದುರ್ಗದಬೈಲಿನ ಸಂತೆಯಿಂದ ಅವ್ವ ಕಿಲೋ ಬದಲು ಪಾವಕಿಲೋ ತಂದ ತಿಂಗಳದು. ತರಕಾರಿ ಸಂತೆ ಇಡೀ ದೇಶದ ಅಂಕಿಯನ್ನೇ ಎತ್ತಬಲ್ಲದು, ಯಾಕೆಂದರೆ ಹಣದುಬ್ಬರ ಅಳೆಯಲು ನಮ್ಮ ಸರ್ಕಾರ ಇಟ್ಟುಕೊಂಡಿದ್ದ ಸಾಮಾನಿನ ಬುಟ್ಟಿಯಲ್ಲಿ (2012ರ ಬೆಲೆಗೆ ಹೋಲಿಸುವ ಆಗಿನ ಲೆಕ್ಕ) ನೂರಕ್ಕೆ ಸುಮಾರು 46 ಪಾಲು ಉಣ್ಣುವ, ಕುಡಿಯುವ ಸಾಮಾನಿನದೇ. ಬ್ರಿಟನ್ನಿನ ಲೆಕ್ಕದಲ್ಲಿ ಆ ಪಾಲು 11-12ರ ಆಸುಪಾಸು. ಎರಡು ಬುಟ್ಟಿಯೇ ಬೇರೆ. ಮಗ್ಗಲಿಗೆ ಮಗ್ಗಲು ಇಟ್ಟು ಅಂಕಿ ನೋಡಿದರೆ ನಿಮ್ಮ ಜೇಬಿನ ಸುದ್ದಿ ಸಿಗುವುದಿಲ್ಲ.

ಅದೇ ಜುಲೈ 20ಕ್ಕೆ ಇಲ್ಲಿನ ಅಕ್ಕಿ ಬೆಲೆ ಹಿಡಿಯಲೆಂದು ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಪೆಟ್ಟು ಬಿದ್ದದ್ದು ನಮ್ಮ ಸೋನಾ ಮಸೂರಿ ಚೀಲಕ್ಕೆ. ಇಂಗ್ಲೆಂಡಿನ ಅಂಗಡಿಯವನು "ಮನೆಗೆ ಒಂದೇ ಚೀಲ" ಅಂದ. ನಾವು ಜೋಳದ ರೊಟ್ಟಿ ಮಂದಿ, ನಡೆಯಿತು. ಗುಜರಾತಿಗಳ ಅಂಗಡಿಯಲ್ಲಿ ಜ್ವಾರ್ ಹಿಟ್ಟು ಸಿಗುತ್ತದೆ, ರೊಟ್ಟಿ ಮಾತ್ರ ಬಡಿದರೆ ಅಂಚು ಬಿರಿಯುತ್ತದೆ.

ಆದರೆ ಹೊಸಬರನ್ನು ಕೆಡವುವುದು ಅಕ್ಕಿಯಲ್ಲ, ಮನೆ ಬಾಡಿಗೆ ಮತ್ತು ಗ್ಯಾಸ್, ಕರೆಂಟು. ಸಾಮಾನ್ಯ ಮನೆಯೊಂದರ ವರ್ಷದ ಗ್ಯಾಸ್-ಕರೆಂಟಿನ ಬಿಲ್ಲು, ಅಲ್ಲಿನ ದರಮಿತಿಯ ಲೆಕ್ಕದಲ್ಲಿ, 2021ರ ಅಕ್ಟೋಬರಿನಲ್ಲಿ 1,277 ಪೌಂಡ್ ಇತ್ತು. ಉಕ್ರೇನ್ ಯುದ್ಧದಿಂದ ಗ್ಯಾಸಿನ ಬೆಲೆ ಹಾರಿ, ಮರುವರ್ಷ ಸರ್ಕಾರ ಕೈಹಿಡಿದ ಮೇಲೂ ಅದು 2,500. ಆ ಚಳಿಗಾಲ ನಮ್ಮ ಮನೆಯಲ್ಲಿ ಹೀಟರ್ ಸಂಜೆ ಎರಡು ತಾಸು ಅಷ್ಟೆ. ಅವ್ವ ಹಳೇ ಸೀರೆ ಕೂಡಿಸಿ ಹೊಲಿದು ಕೊಟ್ಟ ಕೌದಿಯನ್ನು ಮೊದಲ ಸಲ "ಇದೆಲ್ಲ ಯಾಕವ್ವಾ, ಬ್ಯಾಗಿನ್ಯಾಗ ಜಾಗಾ ಇಲ್ಲ" ಅಂತ ಬಿಟ್ಟು ಹೋಗಿದ್ದೆ. ಈಗ ಮನೆಯಲ್ಲಿ ಮೂರಿವೆ. ಮನೆ ಮಾಲೀಕ ಅದೇ ಹೊತ್ತಿಗೆ ಬಾಡಿಗೆ ಏರಿಸಿದ. ಅವನ ಸಾಲದ ಬಡ್ಡಿ ಏರಿತಂತೆ. ಸಂಬಳ ಅಷ್ಟು ಏರಲಿಲ್ಲ. ಕೆಲಸಕ್ಕೆ ಹೋಗುವವರು ವರ್ಷಕ್ಕೊಮ್ಮೆ ಆ ಎರಡು ಅಂಕಿ ಎದುರುಬದುರು ಇಟ್ಟು ನೋಡಿ: ಸಂಬಳ ಶೇ 4 ಏರಿ, ಸಾಮಾನು ಶೇ 8 ಏರಿದರೆ ನಿಮಗೆ ಸಂಬಳ ಇಳಿದಂಗೇ ಲೆಕ್ಕ, ಪೇಡೆ ಹಂಚಬೇಡಿ.

ಮನೆಯಲ್ಲಿರುವವರೆಲ್ಲ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಕೌನ್ಸಿಲ್ ಟ್ಯಾಕ್ಸ್ (ಊರಿನ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ) ಇಲ್ಲ. ಕಾಲೇಜಿನಿಂದ ಪತ್ರ ತೆಗೆಸಿ ಕೌನ್ಸಿಲ್‌ಗೆ ಕೊಡುವುದನ್ನು ಮರೆಯಬೇಡಿ. ಸೂಪರ್‌ಮಾರ್ಕೆಟ್ಟಿನ ಬೆಲೆ ಚೀಟಿಯ ಮೂಲೆಯಲ್ಲಿ ಕಿಲೋಗೆ ಎಷ್ಟು ಅಂತ ಸಣ್ಣಕ್ಷರದಲ್ಲಿರುತ್ತದೆ, ಅದನ್ನೇ ಓದಿ. ಪ್ಯಾಕೆಟ್ಟು ಸಣ್ಣದಾಗಿ ರೇಟು ಹಾಗೇ ಉಳಿದದ್ದು ಅಲ್ಲೇ ಸಿಕ್ಕಿಬೀಳುತ್ತದೆ. ಸಂಜೆ ರೇಟು ಇಳಿಸಿ ಹಳದಿ ಚೀಟಿ ಅಂಟಿಸಿದ ಬ್ರೆಡ್ಡು, ಹಣ್ಣು ಕೊಳ್ಳಲು ಸಂಕೋಚ ಬೇಡ, ಸಾಹೇಬರೂ ಕೊಳ್ಳುತ್ತಾರೆ.

ರೂಪಾಯಿಗೆ ಗುಣಿಸುವ ಚಟ ಮೊದಲ ತಿಂಗಳು ಯಾರನ್ನೂ ಬಿಡುವುದಿಲ್ಲ. ನಾನು ಒಂದು ಕಪ್ ಚಹಾಕ್ಕೆ ಗುಣಿಸಿ, ಕುಡಿಯದೇ ಎದ್ದು ಬಂದಿದ್ದೆ. ಈ ಮಾತಿಗೆ ಗದಗಿನ ಹುಡುಗ ನಕ್ಕ. ಅವನ ತಾಯಿ ನಗಲಿಲ್ಲ, "ಬ್ಯಾಡಗಿ ಖಾರಾ ಎಷ್ಟ್ ಕಿಲೋ ಕಟ್ಟಲಿ?" ಅಂದರು. ಎರಡು ಕಿಲೋ ಅಂದೆ.