ಮನೆಯಲ್ಲಿ ಯಾರಾದರೂ ಖಿನ್ನತೆಗೆ ಮಾತ್ರೆ ಶುರು ಮಾಡಿದ್ದಾರಾ? ಹೀಗೆ ಜೊತೆಗಿರಿ

ಮೊದಲು "ಮನಸ್ಸು ಗಟ್ಟಿ ಮಾಡ್ಕೋ, ಮಾತ್ರೆ ಯಾಕೆ?" ಅನ್ನುವ ಮಾತು ಬಿಡಿ. ಬಿಪಿ ಮಾತ್ರೆ ತಗೊಳ್ಳುವವರಿಗೆ ಹಾಗೆ ಹೇಳಲ್ಲ ಅಲ್ವಾ?

ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್ ತರದ ಮಾತ್ರೆಗಳು ತಲೆನೋವಿನ ಮಾತ್ರೆಯ ಹಾಗೆ ಕೂಡಲೇ ಕೆಲಸ ಮಾಡಲ್ಲ. ಸಾಮಾನ್ಯವಾಗಿ 2ರಿಂದ 6 ವಾರ ಬೇಕು. ಕಷ್ಟ ಇರುವುದೇ ಇಲ್ಲಿ: ವಾಕರಿಕೆ, ತಲೆನೋವು, ನಿದ್ದೆಗೇಡು ಮೊದಲ ವಾರದಲ್ಲೇ ಬರಬಹುದು, ಗುಣ ಮಾತ್ರ ಆಮೇಲೆ ಕಾಣುತ್ತದೆ, ಹಾಗಾಗಿ ಎಷ್ಟೋ ಜನ ಹತ್ತನೇ ದಿನಕ್ಕೇ ಬೇಸತ್ತು ಮಾತ್ರೆ ಬಿಟ್ಟುಬಿಡುತ್ತಾರೆ. ಆಗ ಜೊತೆಗಿರಿ. "ಹೇಗಿದೆ?" ಅಂತ ಗಂಟೆಗೊಮ್ಮೆ ಕೇಳಬೇಡಿ, ಸುಮ್ನೆ ಸಂಜೆ ಜೊತೆಗೆ ನಡೆದು ಬನ್ನಿ. ತಾವಾಗಿ ಎದ್ದು ಸ್ನಾನ ಮಾಡಿದರು, ಹಾಸಿಗೆ ಮಡಚಿಟ್ಟರು ಅಂದರೆ ಅದೂ ಸುಧಾರಣೆಯೇ.

"ಚಟ ಆಗುತ್ತೆ" ಅಂತ ಬಹಳ ಜನ ಹೆದರಿಸುತ್ತಾರೆ. ಕುಡಿತದ ಹಾಗೆ ಬೇಕು ಬೇಕು ಅನ್ನಿಸುವ ಚಟ ಇದಲ್ಲ. ಆದರೆ ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ, ಕರೆಂಟ್ ಹೊಡೆದ ಅನುಭವ ಆಗಬಹುದು. ವೈದ್ಯರನ್ನು ಕೇಳಿಯೇ ನಿಧಾನಕ್ಕೆ ಇಳಿಸಬೇಕು. ಹುಷಾರಾದ ಮೇಲೂ ಸಾಮಾನ್ಯವಾಗಿ 6 ತಿಂಗಳಾದರೂ ಮುಂದುವರಿಸಲು ಹೇಳುತ್ತಾರೆ.

25 ವರ್ಷದೊಳಗಿನವರಾದರೆ ಮೊದಲ ವಾರಗಳಲ್ಲಿ ಜಾಸ್ತಿ ಗಮನ ಕೊಡಿ. ಯಾರೇ ಆಗಲಿ, ಸಾಯುವ ಮಾತಾಡಿದರೆ ಅಥವಾ ಚಡಪಡಿಕೆ ಹೆಚ್ಚಾದರೆ ತಕ್ಷಣ ವೈದ್ಯರಿಗೆ ತಿಳಿಸಿ, ಒಬ್ಬರನ್ನೇ ಬಿಡಬೇಡಿ.